ತೆರಿಗೆಗಾಗಿ ಒಂದು ಶುಕ್ರವಾರ ಮುಂದೆ ಹೋದ ಮದುವೆ

ಅದು 2008ನೇ ಇಸವಿ. ಆ ವರ್ಷದ ಡಿಸೆಂಬರ್ ಇವತ್ತಿಗೂ ನನಗೆ ಒಂದು ದಿನವೂ ಬಿಡದೆ ನೆನಪಿದೆ. ಆಗ ನಾನು ದೋಹಾದ ಒಂದು ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೆ. ವಯಸ್ಸು ಮೂವತ್ತೊಂಬತ್ತು, ಮದುವೆ ನಿಶ್ಚಯವಾಗಿತ್ತು. ವಯಸ್ಸನ್ನು ನಾನೇ ಮೊದಲು ಹೇಳಿಬಿಡುವುದು ರೂಢಿ, ಇಲ್ಲದಿದ್ದರೆ ಕೇಳುವವರು ಕೊನೆಯವರೆಗೂ ಲೆಕ್ಕ ಹಾಕುತ್ತಲೇ ಕೂರುತ್ತಾರೆ.

ನಾನು ಉಡುಪಿ ಕಡೆಯ ಕ್ರೈಸ್ತರ ಮನೆಯವಳು. ನರ್ಸಿಂಗ್ ಓದಿ ಅಮೆರಿಕಕ್ಕೆ ಹೋಗಿ, ಅಲ್ಲಿ ಹನ್ನೆರಡು ವರ್ಷ ದುಡಿದು, ಅಲ್ಲಿನ ಪಾಸ್‌ಪೋರ್ಟನ್ನೂ ಪಡೆದೆ. ಹಿಮದಲ್ಲಿ ಕಾರಿನ ಗಾಜು ಕೆರೆದು ಕೆರೆದು ಸಾಕಾಗಿ ದೋಹಾಕ್ಕೆ ಬಂದವಳು. ಇಲ್ಲಿನ ಮುಐದರ್ ಬಡಾವಣೆಯಲ್ಲಿ ನನ್ನ ತಾಯಿಯ ಅಕ್ಕ ಮೊಂತಿಬಾಯಿ ತಮ್ಮ ಮಗನ ಮನೆಯಲ್ಲಿದ್ದರು. ತಾಯಿಯ ಅಕ್ಕತಂಗಿಯರನ್ನು ನಾವು ಮಾವ್ಶಿ ಎಂದು ಕರೆಯುತ್ತೇವೆ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರಿಂದ ನನ್ನ ಪಾಲಿಗೆ ಉಳಿದ ಹಿರಿಯರು ಎಂದರೆ ಈ ಮಾವ್ಶಿ ಒಬ್ಬರೇ.

ಅಮೆರಿಕದಲ್ಲಿದ್ದಾಗ ಪ್ರತಿ ಸಂಬಳದಿಂದಲೂ ಒಂದಷ್ಟು ಹಣ ನಿವೃತ್ತಿ ಖಾತೆಗೆ ಹೋಗುತ್ತಿತ್ತು. ಹಾಕುವಾಗ ಅದಕ್ಕೆ ತೆರಿಗೆ ಇಲ್ಲ, ವಯಸ್ಸಾದ ಮೇಲೆ ತೆಗೆಯುವಾಗ ಕಟ್ಟಬೇಕು. ಅಲ್ಲಿ ಇನ್ನೊಂದು ಬಗೆಯ ಖಾತೆಯೂ ಇದೆ, ಹೆಸರು ರಾಥ್ ಖಾತೆ. ಹಳೆಯ ಖಾತೆಯ ಹಣವನ್ನು ಇದಕ್ಕೆ ಬದಲಾಯಿಸಿಕೊಂಡರೆ ತೆರಿಗೆಯನ್ನು ಈಗಲೇ ಕಟ್ಟಿ ಮುಗಿಸಬೇಕು. ಆಮೇಲೆ ಅದು ಎಷ್ಟೇ ಬೆಳೆದರೂ, ಮುಪ್ಪಿನಲ್ಲಿ ತೆಗೆಯುವಾಗ ಯಾರಿಗೂ ಏನೂ ಕೊಡಬೇಕಾಗಿಲ್ಲ. ಆ ವರ್ಷ ಶೇರು ಪೇಟೆ ಪಾತಾಳಕ್ಕೆ ಬಿದ್ದಿತ್ತು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಮೆರಿಕದವರೆಲ್ಲ ತಲೆಯ ಮೇಲೆ ಕೈಹೊತ್ತು ಕೂತಿದ್ದರೆ ನನಗೆ ಮಾತ್ರ ಹುರುಪು. ಖಾತೆಯ ಬೆಲೆ ಬಿದ್ದಿರುವಾಗಲೇ ಬದಲಾಯಿಸಿಕೊಂಡರೆ ಕಟ್ಟುವ ತೆರಿಗೆಯೂ ಕಡಿಮೆ. ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸಿತ್ತು.

ಆ ಹಣದ ಮೇಲೆ ನನಗಿದ್ದ ಮೋಹ ಎಂಥದ್ದೆಂದು ಹೇಳಬೇಕು. ಮುಪ್ಪಿನಲ್ಲಿ ನನಗೆ ಒಂದು ಲೋಟ ನೀರು ಕೊಡುವವರೂ ಇರುವುದಿಲ್ಲ ಎಂದುಕೊಂಡೇ ಅದನ್ನು ಕೂಡಿಟ್ಟಿದ್ದೆ. ಜೊತೆಯವರೆಲ್ಲ ಮಕ್ಕಳ ಫೋಟೊ ತೋರಿಸುವಾಗ ನಾನು ಮನಸ್ಸಿನಲ್ಲೇ ಆ ಖಾತೆಯನ್ನು ನೋಡಿಕೊಂಡು ಸಮಾಧಾನ ಪಡುತ್ತಿದ್ದೆ.

ಬದಲಾಯಿಸುವ ಕೆಲಸ ಸುಲಭವೇನೂ ಇರಲಿಲ್ಲ. ಅರ್ಜಿಯಲ್ಲಿ ಮನೆಯ ವಿಳಾಸ ಬೇಕು, ಪೋಸ್ಟ್ ಬಾಕ್ಸ್ ನಂಬರ್ ನಡೆಯುವುದಿಲ್ಲ ಎಂದರು. ಕತಾರಿನಲ್ಲಿ ಟಪಾಲು ಮನೆಗೆ ಬರುವುದೇ ಇಲ್ಲ, ಎಲ್ಲರಿಗೂ ಕಂಪನಿಯ ಪೋಸ್ಟ್ ಬಾಕ್ಸೇ ಗತಿ. ನಾನಿದ್ದದ್ದು ಆಸ್ಪತ್ರೆಯ ನರ್ಸುಗಳ ಹಾಸ್ಟೆಲಿನಲ್ಲಿ. ಅದಕ್ಕೆ ವಿಳಾಸ ಕೇಳಿದರೆ "ಮಸೀದಿಯ ಹಿಂದೆ, ದರ್ಜಿ ಅಂಗಡಿಯ ಎದುರು" ಎಂದೇ ಹೇಳಬೇಕು. ಕೊನೆಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆದು ಫ್ಯಾಕ್ಸ್ ಮಾಡಿದೆ. ಅಮೆರಿಕದ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ದರ್ಜಿಯ ಅಂಗಡಿಯ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಕೇಳಿ ಬರೆದುಕೊಂಡಳು. ನವೆಂಬರಿನಲ್ಲಿ ಕೆಲಸ ಮುಗಿಯಿತು, ಹಣ ರಾಥ್ ಖಾತೆಗೆ ಹೋಯಿತು. ಆ ದಿನ ಇಡೀ ವಾರ್ಡಿಗೆ ಅರಬ್ಬಿ ಸಿಹಿ ಬಕ್ಲಾವಾ ಹಂಚಿದೆ. ಮದುವೆಯ ಖುಷಿಗೆ ಎಂದು ಎಲ್ಲರೂ ತಿಂದರು, ನಾನು ತಿದ್ದಲು ಹೋಗಲಿಲ್ಲ.

ಇನ್ನು ಮದುವೆಯ ವಿಷಯ. ಹುಡುಗ ವಿಕ್ಟರ್. ನಲವತ್ತಮೂರು ವರ್ಷದವರನ್ನು ಹುಡುಗ ಎನ್ನುವುದು ಮಾವ್ಶಿಯ ಅಭ್ಯಾಸ, ಅದೇ ನನಗೂ ಬಂದಿದೆ. ವಿಕ್ಟರ್ ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಬೆಳೆದವರು. ದೋಹಾದಿಂದ ದೂರದ ದುಖಾನ್‌ನ ತೈಲಬಾವಿಗಳಲ್ಲಿ ಕೆಲಸ, ಬ್ಯಾಚಲರ್ ಕ್ವಾರ್ಟರ್ಸಿನಲ್ಲಿ ವಾಸ. ಮೂವರು ತಂಗಿಯರ ಮದುವೆ ಮುಗಿಸುವ ಹೊತ್ತಿಗೆ ತಮ್ಮ ಮದುವೆ ಮರೆತುಹೋಗಿತ್ತು ಎನ್ನುತ್ತಾರೆ. ಮನೆಯಲ್ಲಿ ನಮ್ಮದು ಕೊಂಕಣಿಯಾದರೂ ವಿಕ್ಟರ್ ಬಂದಾಗ ಎಲ್ಲರೂ ಕನ್ನಡಕ್ಕೆ ಬದಲಾಗುತ್ತಿದ್ದೆವು. ಅವರದು ಹುಬ್ಬಳ್ಳಿ ಕನ್ನಡ, ಮಾವ್ಶಿಯದು ಮಂಗಳೂರು ಕನ್ನಡ. ಇಬ್ಬರ ಮಾತು ಕೇಳುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ದುಖಾನ್‌ನಲ್ಲಿ ಫ್ಯಾಮಿಲಿ ಕ್ವಾರ್ಟರ್ಸ್ ಸಿಗಬೇಕಾದರೆ ಮದುವೆಯ ಸರ್ಟಿಫಿಕೇಟ್ ಬೇಕು. ಅದಕ್ಕೆ ಊರಿನಲ್ಲೊಂದು, ದಿಲ್ಲಿಯಲ್ಲೊಂದು, ಎಂಬೆಸಿಯಲ್ಲೊಂದು ಮೊಹರು ಬೀಳಬೇಕು. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಗಲ್ಫಿನಲ್ಲಿರುವ ನಮ್ಮವರು ಅನೇಕರು ರಜೆಯಲ್ಲಿ ಊರಿಗೆ ಹೋದಾಗ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲೇ ಸಹಿ ಹಾಕಿ ಬರುತ್ತಾರೆ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮದುವೆ ಆಮೇಲೆ ನಿಧಾನಕ್ಕೆ. ನಾವೂ ಆಗಸ್ಟಿನ ರಜೆಯಲ್ಲಿ ಹಾಗೆಯೇ ಮಾಡಿದೆವು. ಅವತ್ತು ನಾನು ಉಟ್ಟದ್ದು ಹಳೆಯ ಹತ್ತಿ ಸೀರೆ. ಕಚೇರಿಯ ಫ್ಯಾನ್ ಕೂಡ ತಿರುಗುತ್ತಿರಲಿಲ್ಲ. ನಮ್ಮ ಜೊತೆ ಊರಿಗೆ ಬಂದು ಸಾಕ್ಷಿ ಸಹಿ ಹಾಕಿದ ಮಾವ್ಶಿ ಮೆಟ್ಟಿಲು ಇಳಿದವರೇ ರಿಕ್ಷಾ ಕರೆದು ವಿಕ್ಟರನ್ನು ಸೀದಾ ಬಸ್‌ಸ್ಟ್ಯಾಂಡಿಗೆ ಕರೆದೊಯ್ದು ಹುಬ್ಬಳ್ಳಿ ಬಸ್ಸು ಹತ್ತಿಸಿದರು. ಅದನ್ನು ಮದುವೆ ಎಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ.

ಮಾವ್ಶಿಯ ಕಾವಲು ದೋಹಾದಲ್ಲಿ ಇನ್ನೂ ಬಿಗಿಯಾಯಿತು. ಶುಕ್ರವಾರ ಇಲ್ಲಿ ರಜೆ, ಭಾನುವಾರದ ಪೂಜೆಯ ಬದಲು ನಮಗೆಲ್ಲ ಶುಕ್ರವಾರದ ಪೂಜೆ. ವಿಕ್ಟರ್ ದುಖಾನ್‌ನಿಂದ ಬರುತ್ತಿದ್ದರು. ಪೂಜೆಯಾದ ಮೇಲೆ ಮುಐದರ್‌ನಲ್ಲಿ ಊಟ, ಆ ರಾತ್ರಿ ನಾನು ಅಲ್ಲೇ ಉಳಿಯುತ್ತಿದ್ದೆ. ಊಟದ ಮೇಜಿನಲ್ಲಿ ನನಗೂ ವಿಕ್ಟರಿಗೂ ನಡುವಿನ ಕುರ್ಚಿ ಮಾವ್ಶಿಯದು. ಹೊತ್ತು ಮುಳುಗುವ ಮೊದಲು ವಿಕ್ಟರ್ ಗಾಡಿ ಹತ್ತಬೇಕು. ಒಂದು ಶುಕ್ರವಾರ ಭಾರೀ ಧೂಳಿನ ಗಾಳಿ ಎದ್ದು ದುಖಾನ್ ರಸ್ತೆ ಕಾಣದಂತಾಯಿತು. ಮಾವ್ಶಿಯ ಮಗ, "ಇವತ್ತು ಇಲ್ಲೇ ಹಾಲ್‌ನಲ್ಲಿ ಮಲಗಲಿ" ಎಂದ.

"ಇಲ್ಲಿ ನಿಲ್ಲುದು ಮಾಫಿ" ಎಂದರು ಮಾವ್ಶಿ. ದೋಹಾಕ್ಕೆ ಬಂದ ಮೇಲೆ ಅವರು ಕಲಿತ ಅರಬ್ಬಿ ಶಬ್ದ ಅದೊಂದೇ. ಇಲ್ಲ ಎನ್ನುವುದಕ್ಕೆಲ್ಲ ಅವರು ಮಾಫಿ ಎನ್ನುತ್ತಿದ್ದರು.

"ರಿಜಿಸ್ಟರ್ ಆಗೇತಲ್ರೀ ಮಾವ್ಶಿ" ಎಂದರು ವಿಕ್ಟರ್, ನಗುತ್ತಾ.

"ರಿಜಿಸ್ಟರ್ ಸರ್ಕಾರಕ್ಕೆ. ಅಲ್ತಾರಿನ ಎದುರು, ಫಾದರ್ ಮುಂದೆ ಆಯಿತಾ? ಇಲ್ಲ ಅಲ್ವಾ? ಹಾಗಾದರೆ ಹೋಗು."

ಪಾಪ, ಅವರು ದೋಹಾ ಅಲ್ ಜದೀದಾದ ಒಂದು ಲಾಡ್ಜಿನಲ್ಲಿ ಮಲಗಿ ಬೆಳಿಗ್ಗೆ ಡ್ಯೂಟಿಗೆ ಓಡಿದರು. ನಾನು ಮಾವ್ಶಿಯ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ಈ ವಯಸ್ಸಿನಲ್ಲಿ ನನಗೆ ಇಂಥ ಕಾವಲು ಬೇಕೇ ಎಂದು ಹೊಟ್ಟೆ ಉರಿಯುತ್ತಿತ್ತು.

ಮದುವೆಯನ್ನು ಕ್ರಿಸ್ಮಸ್ಸಿನ ಮರುದಿನ ಬರುವ ಶುಕ್ರವಾರಕ್ಕೆ ಇಟ್ಟುಕೊಂಡೆವು. ಅದಕ್ಕೆ ಮುಂಚಿನ ವಾರಗಳು ಕ್ರಿಸ್ಮಸ್ಸಿಗೆ ಸಿದ್ಧವಾಗುವ ಉಪವಾಸ, ಪ್ರಾರ್ಥನೆಯ ಕಾಲ, ಆಗ ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಊರ ಹೊರಗೆ ಅದೇ ವರ್ಷ ತೆರೆದ ಹೊಸ ಇಗರ್ಜಿಯಲ್ಲಿ ಮದುವೆ. ಮುಐದರ್ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಊಟ. ಕಾರ್ಡು ಹಂಚಿಯಾಗಿತ್ತು, ಸೀರೆ ಬಂದಿತ್ತು. ದುಖಾನ್‌ನಲ್ಲಿ ಕ್ವಾರ್ಟರ್ಸ್ ಕೂಡ ಮಂಜೂರಾಗಿ ವಿಕ್ಟರ್ ಗೋಡೆಗೆ ಬಣ್ಣ ಹೊಡೆಸುತ್ತಿದ್ದರು.

ಇಷ್ಟರ ನಡುವೆ ನನಗೆ ತೆರಿಗೆಯ ಕಾಗದ ಸಿದ್ಧ ಮಾಡುವ ಗಡಿಬಿಡಿ. ಅಮೆರಿಕದ ಪಾಸ್‌ಪೋರ್ಟ್ ಇದ್ದವರು ಯಾವ ದೇಶದಲ್ಲಿದ್ದರೂ ಅಲ್ಲಿಗೆ ವರ್ಷದ ಲೆಕ್ಕ ಕೊಡಬೇಕು. ಮದುವೆಯಾದ ಮೇಲೆ ಇದಕ್ಕೆಲ್ಲ ಪುರುಸೊತ್ತು ಸಿಗುವುದಿಲ್ಲ ಎಂದುಕೊಂಡು ಯಾರು ಸಹಾಯ ಮಾಡಬಹುದೆಂದು ವಿಚಾರಿಸಿದೆ. ಡೋರಿಸ್ ಎಂಬ ಅಮೆರಿಕದ ಹೆಂಗಸಿನ ಹೆಸರು ಸಿಕ್ಕಿತು. ಗಂಡ ಗ್ಯಾಸ್ ಕಂಪನಿಯಲ್ಲಿ ಎಂಜಿನಿಯರ್. ತಮ್ಮ ಊರಿನಲ್ಲಿ ತೆರಿಗೆ ಕಾಗದ ಮಾಡುವುದೇ ಇವರ ಕಸುಬಾಗಿತ್ತು. ದೋಹಾದಲ್ಲಿ ಸುಮ್ಮನೆ ಕೂರಲಾಗದೆ ಶನಿವಾರ ತಮ್ಮ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ತಮ್ಮ ದೇಶದವರಿಗೆಲ್ಲ ಪುಕ್ಕಟೆ ಸಹಾಯ ಮಾಡುತ್ತಿದ್ದರು. ಫೋನ್ ಮಾಡಿದೆ, ಗುರುತು ಪರಿಚಯ ಏನೂ ಇಲ್ಲದ ನನಗೆ "ಈ ಶನಿವಾರವೇ ಬಾ" ಎಂದರು.

ನನಗೆ ಗಾಡಿ ಇಲ್ಲ. ವಿಕ್ಟರ್ ರಜೆ ಹಾಕಿ ಕರೆದುಕೊಂಡು ಹೋಗುತ್ತೇನೆ ಎಂದರು. ವಿಕ್ಟರ್ ಗಾಡಿಯಲ್ಲಿ ನಾನೊಬ್ಬಳೇ ಹೋಗುವುದೆಂದರೆ? ಮಾವ್ಶಿ ಒಳ್ಳೆಯ ಸೀರೆ ಉಟ್ಟು ಜಪಮಾಲೆ ಹಿಡಿದು ಮುಂದಿನ ಸೀಟಿನಲ್ಲಿ ಕೂತಾಗಿತ್ತು. "ಡೋರಿಸ್ ಅಂದರೆ ಯಾವ ಇಗರ್ಜಿಯವರು?" ಎಂದು ದಾರಿಯುದ್ದಕ್ಕೂ ಕೇಳಿದರು. ನಮ್ಮ ಕಡೆ ಬೀದಿಗೊಬ್ಬ ಡೋರಿಸ್ ಇರುವುದರಿಂದ ನಮ್ಮವರೇ ಯಾರೋ ಎಂದುಕೊಂಡಿದ್ದರು.

ಬಾಗಿಲು ತೆರೆದದ್ದು ಬೆಳ್ಳಿ ಕೂದಲಿನ, ಎತ್ತರದ, ದೊಡ್ಡ ದನಿಯ ಹೆಂಗಸು. ನಮಗೆಲ್ಲ ಐಸ್ ಹಾಕಿದ ಚಹಾ ಕೊಟ್ಟರು. ಚಹಾಕ್ಕೆ ಐಸ್ ಹಾಕಿದ್ದನ್ನು ಕಂಡು ಮಾವ್ಶಿ ಲೋಟವನ್ನು ಮೆಲ್ಲನೆ ವಿಕ್ಟರ್ ಕಡೆ ಸರಿಸಿದರು. ನಾನು ನವೆಂಬರಿನಲ್ಲಿ ಮಾಡಿದ ಘನಕಾರ್ಯವನ್ನು ವಿವರಿಸಿದೆ. ಡೋರಿಸ್ ಖುಷಿಯಾದರು. "ಇಷ್ಟು ಜನ ಅಳುತ್ತಾ ಬಂದರು, ಬುದ್ಧಿ ಉಪಯೋಗಿಸಿದವಳು ನೀನೊಬ್ಬಳೇ" ಎಂದರು. ನಾನು ಬಲೂನಿನಂತೆ ಉಬ್ಬಿದೆ.

"ಸರಿ, ಮದುವೆಯಾಗಿದೆಯೇ?"

"ಇಲ್ಲ, ಈ ತಿಂಗಳ ಕೊನೆಗೆ ಆಗುತ್ತದೆ. ಇವರೇ ಹುಡುಗ."

ಡೋರಿಸ್ ವಿಕ್ಟರ್ ಕೈ ಕುಲುಕಿ, ಮದುವೆಯಾದ ಮೇಲೆ ಎಲ್ಲಿರುತ್ತೀರಿ ಎಂದು ಕೇಳಿದರು. ವಿಕ್ಟರ್ ಬಹಳ ಹೆಮ್ಮೆಯಿಂದ, ದುಖಾನ್‌ನಲ್ಲಿ ಕಂಪನಿಯ ಫ್ಯಾಮಿಲಿ ಕ್ವಾರ್ಟರ್ಸ್ ಹೋದ ವಾರವೇ ಸಿಕ್ಕಿತು ಎಂದರು. ಡೋರಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನೂ ಕಂಪನಿ ಮನೆಯಲ್ಲೇ ಇರುವವಳು. ಮದುವೆಯ ಸರ್ಟಿಫಿಕೇಟ್ ಇಲ್ಲದೆ ಕಂಪನಿಯವರು ಫ್ಯಾಮಿಲಿ ಕ್ವಾರ್ಟರ್ಸ್ ಕೊಡುವುದಿಲ್ಲವಲ್ಲ?"

ನಾನು ನಗುತ್ತಾ ಆಗಸ್ಟಿನ ಕಥೆ ಹೇಳಿದೆ. ಹೇಳುತ್ತಾ ಹೋದ ಹಾಗೆ ಅವರ ಮುಖದ ನಗು ಕಡಿಮೆಯಾಗುತ್ತಾ ಬಂದದ್ದನ್ನು ಗಮನಿಸಿ ನನ್ನ ನಗುವೂ ನಿಂತಿತು.

"ಹಾಗಾದರೆ ನಿನಗೆ ಆಗಸ್ಟಿನಲ್ಲೇ ಮದುವೆಯಾಗಿದೆ" ಎಂದರು ಡೋರಿಸ್. "ಇಗರ್ಜಿಯ ಲೆಕ್ಕ ತೆರಿಗೆಯವರಿಗೆ ಬೇಡ. ವರ್ಷದ ಕೊನೆಯ ದಿನ ಕಾನೂನಿನ ಪ್ರಕಾರ ಮದುವೆಯಾಗಿದ್ದರೆ, ಇಡೀ ವರ್ಷ ಮದುವೆಯಾದವಳು ಎಂದೇ ಅರ್ಥ."

ಹಾಗಾದರೆ ಏನು ಎಂದೆ. ಅವರು ನಿಧಾನಕ್ಕೆ ವಿವರಿಸಿದರು. ಮದುವೆಯಾದವರು ಗಂಡ ಹೆಂಡತಿ ಸೇರಿ ಲೆಕ್ಕ ಕೊಡಬೇಕು, ಇಲ್ಲವೇ ಬೇರೆ ಬೇರೆ ಕೊಡಬೇಕು. ಸೇರಿ ಕೊಟ್ಟರೆ ವಿಕ್ಟರ್ ಸಂಬಳವೂ ಸೇರಿ ರಾಥ್ ಖಾತೆಗೆ ಬದಲಾಯಿಸಲು ಇರುವ ಆದಾಯದ ಮಿತಿ ದಾಟುತ್ತದೆ. ಬೇರೆ ಕೊಟ್ಟರೆ, ಬೇರೆ ಕೊಡುವವರು ಬದಲಾಯಿಸುವಂತೆಯೇ ಇಲ್ಲ. ನಾನು ಮಾಡಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ದಂಡ. ಎರಡು ವರ್ಷ ಕಳೆದರೆ ಈ ಕಟ್ಟುಪಾಡು ಹೋಗುತ್ತದೆ, ಆದರೆ ಅಷ್ಟರಲ್ಲಿ ಪೇಟೆ ಏರಿದರೆ ಇಷ್ಟು ಕಡಿಮೆ ತೆರಿಗೆಯಲ್ಲಿ ಮುಗಿಯುವುದಿಲ್ಲ.

ವಾರ್ಡಿಗೆ ಹಂಚಿದ ಬಕ್ಲಾವಾ ಎಲ್ಲ ಗಂಟಲಿಗೆ ಬಂದ ಹಾಗಾಯಿತು. ಫ್ಯಾನ್ ತಿರುಗದ ಒಂದು ಕಚೇರಿಯಲ್ಲಿ ಹಾಕಿದ ಒಂದು ಸಹಿ ನನ್ನ ಹನ್ನೆರಡು ವರ್ಷದ ದುಡಿಮೆಯ ದಾರಿಗೆ ಹೀಗೆ ಅಡ್ಡ ಬರುತ್ತದೆಂದು ಯಾರು ಕಂಡಿದ್ದರು? ಮಾವ್ಶಿ, "ಎಂತ ಆಯ್ತು, ಯಾಕೆ ಮುಖ ಹಾಗೆ ಮಾಡ್ತಿ?" ಎಂದು ಕೇಳಿದರು.

ಡೋರಿಸ್ ಅಷ್ಟಕ್ಕೆ ಬಿಡುವವರಲ್ಲ. ತೆರಿಗೆ ಇಲಾಖೆಯ ಒಂದು ದಪ್ಪ ಪುಸ್ತಕ ತೆಗೆದು ಬೆರಳಿನಿಂದ ಸಾಲು ಸಾಲು ಓದಿಕೊಂಡು ಹೋದರು. ಒಂದು ಪುಟದಲ್ಲಿ ಬೆರಳು ನಿಂತಿತು. ಮತ್ತೊಮ್ಮೆ ಓದಿದರು.

"ನಾನು ಒಂದು ಪ್ರಶ್ನೆ ಕೇಳುತ್ತೇನೆ, ನಿಜ ಹೇಳು. ಈ ವರ್ಷ ನೀನೂ ಇವರೂ ಯಾವಾಗಲಾದರೂ ಒಂದೇ ಮನೆಯಲ್ಲಿ ಸಂಸಾರ ಮಾಡಿದ್ದೀರಾ? ಸ್ವಲ್ಪ ದಿನಕ್ಕಾದರೂ?"

ನಾನು ಬಾಯಿ ತೆರೆಯುವ ಮೊದಲೇ ಮಾವ್ಶಿ ವಿಕ್ಟರ್ ತೋಳು ತಟ್ಟಿದರು. "ಅವರು ಎಂತ ಕೇಳಿದ್ದು?"

ವಿಕ್ಟರ್ ನೆಲ ನೋಡುತ್ತಾ ಹೇಳಿದರು, "ಈ ವರ್ಷದಾಗ ನಾವಿಬ್ರೂ ಒಂದ ಮನಿಯೊಳಗ ಇದ್ವೇನು ಅಂತ ಕೇಳಾಕತ್ತಾರ್ರೀ ಮಾವ್ಶಿ."

ಮಾವ್ಶಿ ಮಡಿಲಲ್ಲಿದ್ದ ಬ್ಯಾಗನ್ನು ಎತ್ತಿ ಮೇಜಿನ ಮೇಲೆ, ತೆರಿಗೆ ಪುಸ್ತಕದ ಪಕ್ಕಕ್ಕೆ ಇಟ್ಟರು. "ನಾನು ಇರುವಾಗ್ಲಾ? ಅವರಿಗೆ ಸರಿಯಾಗಿ ಹೇಳು. ರಿಜಿಸ್ಟರ್ ಆದ ದಿನವೇ ಇವನನ್ನು ಬಸ್ ಹತ್ತಿಸಿದ್ದು ನಾನು. ಧೂಳು ಬಂದ ದಿನ ಲಾಡ್ಜಿಗೆ ಓಡಿಸಿದ್ದು ನಾನು. ಒಂದು ರಾತ್ರಿ ಸಹ ಒಳಗೆ ಬಿಡ್ಲಿಲ್ಲ. ಇವಳು ನನ್ನ ಹತ್ರ ಮಾತು ಬಿಟ್ಟದ್ದು ಉಂಟು, ಅದನ್ನೂ ಹೇಳು. ಬೇಕಾದರೆ ನಾನು ಜಪಮಾಲೆ ಮುಟ್ಟಿ ಹೇಳ್ತೇನೆ." ಕೊನೆಗೆ ಡೋರಿಸ್ ಕಡೆ ತಿರುಗಿ, ಕೈ ಅಡ್ಡಡ್ಡ ಆಡಿಸಿ, ತಾವೇ ಹೇಳಿದರು. "ನೋ. ಮಾಫಿ. ಮಾಫಿ."

ನಾನು ಕೆಂಪಾಗುತ್ತಾ ಒಂದೊಂದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಬಸ್ಸಿನ ಕಥೆಗೆ ಡೋರಿಸ್ ತುಟಿ ಕಚ್ಚಿಕೊಂಡರು. ಲಾಡ್ಜಿನ ಕಥೆಗೆ ತಡೆಯಲಾಗದೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ಗಂಭೀರವಾಗಿ, "ಕಾಗದಕ್ಕೆ ಸಹಿ ಹಾಕುವವಳು ನೀನು. ಇದೆಲ್ಲ ನಿಜ ತಾನೆ?" ಎಂದರು. ಅಕ್ಷರಶಃ ನಿಜ ಎಂದೆ.

ಅವರು ಆ ಪುಟವನ್ನು ನನ್ನ ಕಡೆ ತಿರುಗಿಸಿದರು. ವರ್ಷದಲ್ಲಿ ಒಂದು ದಿನವೂ ಗಂಡ ಹೆಂಡತಿ ಒಟ್ಟಿಗೆ ವಾಸ ಮಾಡದೆ ಬೇರೆ ಬೇರೆ ಲೆಕ್ಕ ಕೊಟ್ಟರೆ, ಈ ಒಂದು ಕೆಲಸದ ಮಟ್ಟಿಗೆ ಅವರನ್ನು ಒಂಟಿ ಎಂದೇ ಎಣಿಸಬೇಕು ಎಂದು ಬರೆದಿತ್ತು. ನನ್ನೊಬ್ಬಳ ಸಂಬಳ ಆ ಮಿತಿಯ ಒಳಗೇ ಇತ್ತು. "ನಿಮ್ಮ ಮಾವ್ಶಿಗೆ ಹೇಳು, ನಿನ್ನ ಖಾತೆಯನ್ನು ಅವರೇ ಉಳಿಸಿದರು."

ನಾನು ಎದ್ದು ನಿಂತು ಮಾವ್ಶಿಯನ್ನು ಅಪ್ಪಿಕೊಂಡೆ. ಯಾವ ಕಾವಲಿಗೆ ನಾನು ಹಲ್ಲು ಕಡಿದಿದ್ದೆನೋ ಅದೇ ನನ್ನನ್ನು ಕಾಪಾಡಿತ್ತು. ಮಾವ್ಶಿಗೆ ವಿಷಯ ಪೂರ್ತಿ ಅರ್ಥವಾಗದಿದ್ದರೂ ಹೊಗಳಿಕೆ ಎಂದು ತಿಳಿದು ಸೆರಗು ಸರಿಮಾಡಿಕೊಂಡರು.

"ಒಂದು ನಿಮಿಷ" ಎಂದರು ಡೋರಿಸ್. ಅವರ ಕಣ್ಣು ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕ್ಯಾಲೆಂಡರಿನ ಮೇಲಿತ್ತು. "ನಿಮ್ಮ ಇಗರ್ಜಿಯ ಮದುವೆ ಯಾವತ್ತು ಎಂದೆ?"

ಕ್ರಿಸ್ಮಸ್ಸಿನ ಮರುದಿನ ಎಂದೆ. ಹೇಳುವಾಗಲೇ ನನಗೂ ಹೊಳೆಯಿತು. ವರ್ಷ ಮುಗಿಯಲು ಆಮೇಲೂ ಕೆಲವು ದಿನ ಉಳಿದಿತ್ತು. ಮದುವೆಯಾಗಿ ದುಖಾನ್ ಕ್ವಾರ್ಟರ್ಸಿಗೆ ಕಾಲಿಟ್ಟರೆ ಮತ್ತೆ ಎಲ್ಲ ಮೊದಲಿನಂತೆ.

ನಾನೇ ಮೊದಲು ಮಾತಾಡಿದೆ. "ಹಿಂದಕ್ಕೆ ತಿರುಗಿಸಿಬಿಡೋಣ. ಕಾರ್ಡು ಹಂಚಿಯಾಗಿದೆ. ಒಂದು ಖಾತೆಗಾಗಿ ಯಾರು ಮದುವೆ ನಿಲ್ಲಿಸುತ್ತಾರೆ? ನಾನು ಇಷ್ಟು ವರ್ಷ ಕಾದದ್ದು ಸಾಕು." ಹೇಳುತ್ತಲೇ ಕಾಗದಗಳನ್ನೆಲ್ಲ ಬ್ಯಾಗಿಗೆ ತುರುಕತೊಡಗಿದೆ. ಖಾತೆಯ ದುಃಖವೋ ಕಾದ ದುಃಖವೋ ನನಗೇ ಗೊತ್ತಾಗಲಿಲ್ಲ.

ವಿಕ್ಟರ್ ಒಪ್ಪಲಿಲ್ಲ. "ನೀ ಒಬ್ಬಾಕಿನ ಇದ್ದಾಗ ಕೂಡಿಟ್ಟ ರೊಕ್ಕ ಅದು. ನಾ ಬಂದೆ ಅನ್ನೂ ಕಾರಣಕ್ಕ ಅದು ಕೆಡಬಾರ್ದು. ಲಗ್ನ ಆಗಲಿ, ವರ್ಷ ಮುಗಿಯೂತನಕ ನಾ ದುಖಾನದಾಗ ಒಬ್ಬನ ಇರ್ತೀನಿ. ಇಷ್ಟು ವರ್ಷ ಇದ್ದೇನಿ, ಇನ್ನ ನಾಕು ದಿನ ಏನ್ ದೊಡ್ಡದು?"

ಇವರನ್ನು ಮದುವೆಯಾಗುವ ನಿರ್ಧಾರ ಸರಿಯಾಗಿದೆ ಎಂದು ನನಗೆ ಖಾತ್ರಿಯಾದದ್ದು ಆ ಕ್ಷಣ. ಆದರೆ ಮಾವ್ಶಿ ಎದ್ದು ನಿಂತರು.

"ಅದೆಲ್ಲ ಆಗುದಿಲ್ಲ. ಅಲ್ತಾರಿನಿಂದ ಇಳಿದ ಮೇಲೆ ಹೆಂಡತಿ ಗಂಡನ ಮನೆಗೇ ಹೋಗಬೇಕು. ಮದುಮಗಳನ್ನು ಹಾಸ್ಟೆಲಿಗೆ ಕಳಿಸಿದರೆ ಜನ ಎಂತ ಹೇಳಿಯಾರು?" ಆಮೇಲೆ ಸ್ವಲ್ಪ ಯೋಚಿಸಿ, ಕ್ಯಾಲೆಂಡರಿನ ಹತ್ತಿರ ಹೋಗಿ, ಹೊಸ ವರ್ಷದ ಮೊದಲ ಶುಕ್ರವಾರದ ಮೇಲೆ ಬೆರಳಿಟ್ಟರು. "ಅಲ್ತಾರಿಗೆ ಹೋಗುದೇ ಈ ಶುಕ್ರವಾರ ಆಗಲಿ. ಫಾದರ್ ಈಗ ಇಗರ್ಜಿಯಲ್ಲಿ ಇರ್ತಾರೆ. ನಡಿ ವಿಕ್ಟರ್, ಯಲ್ಲಾ."

ಅವರ ಬಾಯಲ್ಲಿ ಮಾಫಿ ಬಿಟ್ಟು ಎರಡನೆಯ ಅರಬ್ಬಿ ಶಬ್ದ ಕೇಳಿದ್ದು ನಾನು ಅಂದೇ.

ಡೋರಿಸ್ ಬಾಗಿಲಿನವರೆಗೆ ಓಡಿ ಬಂದು, "ಏನಾಯಿತೆಂದು ಇವತ್ತೇ ಫೋನ್ ಮಾಡಬೇಕು" ಎಂದು ಕೂಗಿದರು. ವಿಕ್ಟರ್ ಎಂದೂ ವೇಗವಾಗಿ ಗಾಡಿ ಓಡಿಸಿದವರಲ್ಲ. ಅವತ್ತು ಒಂದೊಂದು ಸರ್ಕಲ್ಲನ್ನೂ ಹೇಗೆ ದಾಟಿದರೋ, ಮಾವ್ಶಿಯ ಜಪ ಎರಡು ಸುತ್ತು ಮುಗಿಯುವಷ್ಟರಲ್ಲಿ ಇಗರ್ಜಿ ಬಂತು. ನನ್ನ ತಲೆಯೊಳಗೆ ಒಂದೇ ಯೋಚನೆ. ಆ ಇಗರ್ಜಿಯಲ್ಲಿ ಶುಕ್ರವಾರ ಎಂದರೆ ಬೆಳಗಿನಿಂದ ಸಂಜೆವರೆಗೆ ಇಂಗ್ಲಿಷ್, ಮಲಯಾ‌ಳಂ, ಕೊಂಕಣಿ, ಫಿಲಿಪಿನೊ ಎಂದು ಒಂದರ ಹಿಂದೆ ಒಂದು ಪೂಜೆ. ನಡುವೆ ಒಂದು ಮದುವೆಗೆ ಜಾಗ ಸಿಕ್ಕರೆ ಅದೃಷ್ಟ.

ಫಾದರ್ ಜನರ ಪಾಪನಿವೇದನೆ ಕೇಳಿ ಮುಗಿಸಿ ಹೊರಗೆ ಬರುತ್ತಿದ್ದರು. ವಿಷಯವನ್ನು ಮಾವ್ಶಿ ಕೊಂಕಣಿಯಲ್ಲಿ ಒಂದೇ ಉಸಿರಿಗೆ ಹೇಳಿದರು. ಅಮೆರಿಕದ ಸರ್ಕಾರ, ದುಖಾನ್ ಕ್ವಾರ್ಟರ್ಸ್, ಹುಬ್ಬಳ್ಳಿ ಬಸ್ಸು ಎಲ್ಲ ಕಲಸಿದ ಆ ಕಥೆಯಲ್ಲಿ ಫಾದರಿಗೆ ಅರ್ಥವಾದದ್ದು ಶುಕ್ರವಾರ ಬದಲಾಗಬೇಕು ಎನ್ನುವುದೊಂದೇ. ಅವರು ಕಚೇರಿಗೆ ಹೋಗಿ ಪುಸ್ತಕ ನೋಡಿ ತಲೆ ಅಲ್ಲಾಡಿಸಿದರು. ಆ ಶುಕ್ರವಾರ ಒಂದು ಮಲಯಾಳಿ ಮದುವೆ ಇತ್ತು.

ಖಲಾಸ್, ಮುಗಿಯಿತು ಎಂದುಕೊಂಡೆ. ಆಗ ಫಾದರ್ ಪುಸ್ತಕ ಮುಚ್ಚುತ್ತಾ ಮುಚ್ಚುತ್ತಾ ನಿಂತರು. "ಇರಿ, ಈ ಮಲಯಾಳಿ ಹುಡುಗಿಯ ಅಪ್ಪ ಬಂದು ನನ್ನ ಹತ್ತಿರ ನಿಮ್ಮ ಶುಕ್ರವಾರವನ್ನೇ ಕೇಳಿದ್ದರು. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದವರು, ವರ್ಷದ ಕೊನೆಗೆ ವೀಸಾ ಮುಗಿಯುತ್ತದಂತೆ. ನಿಮಗೆ ಮಾತು ಕೊಟ್ಟಿದ್ದೇನೆ ಎಂದು ನಾನೇ ಆಗುವುದಿಲ್ಲ ಎಂದಿದ್ದೆ."

ನಾವು ಮೂವರೂ ಅವರ ಮೇಜಿನ ಮೇಲೆ ಬಾಗಿದೆವು. ಫಾದರ್ ಫೋನ್ ಮಾಡಿದರು. ಆ ಕಡೆಯಿಂದ ಒಬ್ಬ ಗಂಡಸು ದೊಡ್ಡ ದನಿಯಲ್ಲಿ ಮಲಯಾಳದಲ್ಲಿ ಹೆಂಡತಿಯನ್ನು ಕರೆಯುವುದು, ಆಕೆ ದೇವರ ಹೆಸರು ಹೇಳಿ ಅಳುವುದು ನಮಗೂ ಕೇಳಿಸಿತು. ಮಗಳ ಮದುವೆ ನೋಡದೆ ವಿಮಾನ ಹತ್ತಬೇಕಾಗುತ್ತದೆ ಎಂದು ಆ ಮನೆಯಲ್ಲಿ ವಾರದಿಂದ ಯಾರೂ ನೆಟ್ಟಗೆ ಊಟ ಮಾಡಿರಲಿಲ್ಲವಂತೆ. ಫಾದರ್ ಪುಸ್ತಕದಲ್ಲಿ ಎರಡು ಹೆಸರು ಹೊಡೆದು ಅದಲುಬದಲು ಬರೆದರು. ವಿಕ್ಟರ್ ಅಲ್ಲೇ ನಿಂತು ಕರವಸ್ತ್ರದಿಂದ ಮುಖವೆಲ್ಲ ಒರೆಸಿಕೊಂಡರು. ನಾನು ಖುಷಿಗೆ ಫಾದರ್ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವರೇ ಮೆಲ್ಲನೆ ಬಿಡಿಸಿಕೊಂಡರು.

ಮರುದಿನದಿಂದ ಫೋನ್ ಮಾಡುವ ಹಬ್ಬ. ಶಾಮಿಯಾನದವನು, ಬಿರಿಯಾನಿಯವನು, ಕೇಕಿನವಳು ಎಲ್ಲರೂ ಸುಲಭಕ್ಕೆ ಒಪ್ಪಿದರು. ಒಪ್ಪದವರು ನೆಂಟರು. ಹುಡುಗನಿಗೆ ಏನೋ ಕಾಯಿಲೆಯಂತೆ, ಹುಡುಗಿ ಮನಸ್ಸು ಬದಲಾಯಿಸಿದಳಂತೆ ಎಂದು ಸುದ್ದಿ ದುಖಾನ್‌ವರೆಗೂ ಹಬ್ಬಿತು. ಕಾರಣ ಕೇಳಿದವರಿಗೆಲ್ಲ ಮಾವ್ಶಿ ಗತ್ತಿನಿಂದ ಒಂದೇ ಉತ್ತರ ಕೊಟ್ಟರು. "ಅಮೆರಿಕದ ಸರ್ಕಾರಕ್ಕೆ ನಾನು ಮಾತು ಕೊಟ್ಟಿದ್ದೇನೆ." ಅದಾದ ಮೇಲೆ ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಕ್ರಿಸ್ಮಸ್ಸಿನ ಮರುದಿನ, ನಮ್ಮ ಮದುವೆ ಆಗಬೇಕಿದ್ದ ಹೊತ್ತಿಗೆ, ಅದೇ ಇಗರ್ಜಿಯಲ್ಲಿ ಆ ಮಲಯಾಳಿ ಹುಡುಗಿಯ ಮದುವೆಗೆ ನಾವು ಅತಿಥಿಗಳಾಗಿ ಹೋದೆವು. ಹುಡುಗಿಯ ಅಮ್ಮ ನನ್ನ ಕೆನ್ನೆ ಹಿಡಿದು ಬಿಡಲೇ ಇಲ್ಲ. ಬೆಂಚಿನಲ್ಲಿ ನನಗೂ ವಿಕ್ಟರಿಗೂ ನಡುವೆ ಮಾವ್ಶಿ ಕೂತಿದ್ದರು. ಅಮೆರಿಕದ ಸರ್ಕಾರಕ್ಕೆ ಮಾತು ಕೊಟ್ಟ ಮೇಲೆ ಅವರ ಕಾವಲು ಇಮ್ಮಡಿಯಾಗಿತ್ತು. ವರ್ಷದ ಕೊನೆಯ ವಾರ ವಿಕ್ಟರಿಗೆ ಮುಐದರ್ ಮನೆಯ ಗೇಟಿನ ಒಳಗೂ ಪ್ರವೇಶ ಮಾಫಿ. ಬಿರಿಯಾನಿಯ ಡಬ್ಬಿಯನ್ನು ಗಾಡಿಯ ಕಿಟಕಿಯಿಂದಲೇ ಕೊಟ್ಟು ಕಳಿಸಿದರು.

ಹೊಸ ವರ್ಷದ ಮೊದಲ ಶುಕ್ರವಾರ ನಮ್ಮ ಮದುವೆಯಾಯಿತು. ಡೋರಿಸ್ ದೊಡ್ಡ ಟೋಪಿ ಹಾಕಿಕೊಂಡು ಗಂಡನ ಜೊತೆ ಬಂದಿದ್ದರು. ಮಾವ್ಶಿ ಅವರನ್ನು ಕೈಹಿಡಿದು ಮುಂದಿನ ಸಾಲಿನಲ್ಲಿ, ಮನೆಯವರ ನಡುವೆ ಕೂರಿಸಿದರು. ತೆರಿಗೆಯ ಕಾಗದವನ್ನು ಆಮೇಲೆ ಡೋರಿಸ್ ಅವರೇ ಸಿದ್ಧ ಮಾಡಿದರು. ಇಡೀ ವರ್ಷ ಬೇರೆ ಬೇರೆ ಇದ್ದೆವು ಎಂಬ ಮಾತಿಗೆ ನಾನು ಸಹಿ ಹಾಕಿದೆ. ಎಷ್ಟೋ ವರ್ಷ ಜನ ಅಯ್ಯೋ ಪಾಪ ಎಂದ ನನ್ನ ಒಂಟಿತನಕ್ಕೆ ಬೆಲೆ ಕೊಟ್ಟ ಕಾಗದ ಅದೊಂದೇ ಎಂದು ಸಹಿ ಹಾಕುವಾಗ ನಗು ಬಂತು.

ಮದುವೆಯಾದ ಮುಂದಿನ ಶುಕ್ರವಾರ ದುಖಾನ್‌ನಿಂದ ಮುಐದರ್‌ಗೆ ಊಟಕ್ಕೆ ಹೋದೆವು. ನಾನೂ ವಿಕ್ಟರೂ ಕೂತೆವು. ಮಾವ್ಶಿ ತಟ್ಟೆ ಹಿಡಿದು ಬಂದು, ಅಭ್ಯಾಸದಂತೆ ನಮ್ಮ ನಡುವಿನ ಕುರ್ಚಿ ಎಳೆದು ಕೂತು, ಅನ್ನಕ್ಕೆ ಸಾರು ಹಾಕಿಕೊಂಡರು. ಆಮೇಲೆ ನೆನಪಾಗಿ ಗಾಬರಿಯಿಂದ ಎದ್ದರು. "ಅಯ್ಯೋ, ಇನ್ನು ನಾನು ಇಲ್ಲಿ ಕೂರುದೆಂತಕ್ಕೆ?"

ವಿಕ್ಟರ್ ಅವರ ಕೈಹಿಡಿದು ಕೂರಿಸಿದರು. "ಕೂಡ್ರಿ ಮಾವ್ಶಿ. ಆ ಜಾಗಾ ನಿಮ್ದ."

ಮಾವ್ಶಿ ಈಗ ಇಲ್ಲ. ಡೋರಿಸ್ ತಮ್ಮ ಊರಿಗೆ ಮರಳಿದ್ದಾರೆ, ಪ್ರತಿ ಕ್ರಿಸ್ಮಸ್ಸಿಗೆ ಅವರ ಕಾರ್ಡು ಬರುತ್ತದೆ, ಅದರಲ್ಲಿ ಮಾವ್ಶಿಯ ಬಸ್ಸಿನ ವಿಷಯ ಒಂದು ಸಾಲಾದರೂ ಇರುತ್ತದೆ. ಆ ಖಾತೆ ತನ್ನ ಪಾಡಿಗೆ ಬೆಳೆಯುತ್ತಿದೆ. ಒಂಟಿ ಮುಪ್ಪಿಗೆಂದು ಕೂಡಿಟ್ಟದ್ದು ಇನ್ನು ಇಬ್ಬರ ಮುಪ್ಪಿಗೆ ಆಗಬೇಕು. ಅದನ್ನು ಉಳಿಸಿಕೊಟ್ಟವರಿಗೆ ಅದರಿಂದ ಒಂದು ಸೀರೆ ತಂದುಕೊಡುವ ಭಾಗ್ಯ ನನಗೆ ಸಿಗಲಿಲ್ಲ ಎಂಬ ನೋವು ಇದ್ದೇ ಇದೆ. ಶುಕ್ರವಾರದ ಊಟಕ್ಕೆ ನಾವಿಬ್ಬರೇ ಕೂತರೂ ನಡುವೆ ಒಂದು ಕುರ್ಚಿ ಬಿಟ್ಟೇ ಕೂರುತ್ತೇವೆ. ಬಂದವರು ಜಗಳವೇ ಎಂದು ಕೇಳುತ್ತಾರೆ. ವಿಕ್ಟರ್ ನನ್ನ ಕಡೆ ನೋಡಿ, "ಅಮೆರಿಕಾದ ಸರ್ಕಾರಕ್ಕ ಮಾತು ಕೊಟ್ಟೇವ್ರಿ" ಎನ್ನುತ್ತಾರೆ.